ಮೊದಲ ಪದರದ ಋಣ

ತೈಲವರ್ಣದ ಬಗ್ಗೆ ನಮ್ಮಲ್ಲಿ ಬಹಳ ಕಾಲದಿಂದ ಓಡಾಡುವ ಮಾತೊಂದಿದೆ. ಜಲವರ್ಣ ಕಷ್ಟ, ಕೈ ತಪ್ಪಿದರೆ ಹಾಳೆ ಹೋಯಿತು. ತೈಲವರ್ಣ ಹಾಗಲ್ಲ, ತಪ್ಪಿದ್ದನ್ನು ಕೆರೆದು ತೆಗೆದು ಅದರ ಮೇಲೆ ಮತ್ತೆ ಬಳಿಯಬಹುದು ಎಂಬುದು ಆ ಮಾತು. ಹೊಸದಾಗಿ ಬಣ್ಣದ ಟ್ಯೂಬು ಕೊಂಡವರಿಗೆ ಇದು ಧೈರ್ಯ ತುಂಬುತ್ತದೆ, ನಿಜ. ಆದರೆ ಅದು ಅರ್ಧ ಸತ್ಯ. ತೈಲವರ್ಣ ಕ್ಷಮಿಸುವುದು ಮೇಲ್ಪದರದ ತಪ್ಪನ್ನು ಮಾತ್ರ. ತಳದಲ್ಲಿ ಮಾಡಿದ ತಪ್ಪನ್ನು ಅದು ಮುಚ್ಚಿಟ್ಟುಕೊಂಡು, ಕೆಲವು ತಿಂಗಳೋ ಕೆಲವು ವರ್ಷವೋ ಬಿಟ್ಟು, ಬಿರುಕಾಗಿ, ಕಪ್ಪಾಗಿ, ಪೊರೆಯಾಗಿ ಹೊರಗೆ ಹಾಕುತ್ತದೆ. ಆದ್ದರಿಂದ ತ್ಯಾಮಗೊಂಡ್ಲುವಿನ ಹೊಲದಂಚಿನಲ್ಲಿ ನಿಂತು ಪಶ್ಚಿಮದ ಶಿವಗಂಗೆ ಬೆಟ್ಟವನ್ನು ಬರೆಯಬೇಕೆಂದುಕೊಂಡವರು ಬೆಟ್ಟದ ಬಣ್ಣ ಯಾವುದೆಂದು ಯೋಚಿಸುವ ಮೊದಲು ಕ್ಯಾನ್ವಾಸಿನ ಮೇಲೆ ಮೊದಲು ಏನು ಕೂರಬೇಕು, ಎಷ್ಟು ತೆಳ್ಳಗೆ ಕೂರಬೇಕು, ಎಷ್ಟು ಹೊತ್ತು ಒಣಗಬೇಕು ಎಂದು ಯೋಚಿಸುವುದು ಒಳ್ಳೆಯದು. ತೈಲಚಿತ್ರದಲ್ಲಿ ತಿದ್ದಲಾಗದ ಭಾಗವಿದ್ದರೆ ಅದು ಆರಂಭವೇ ಎನ್ನುವುದು ಈ ಬರಹದ ವಾದ.

ವಾದಕ್ಕೆ ಮೊದಲ ಆಧಾರ ಎಣ್ಣೆಯ ಗುಣದಲ್ಲೇ ಇದೆ. ನೀರಿನ ಬಣ್ಣ ಒಣಗುವುದೆಂದರೆ ನೀರು ಆರಿಹೋಗುವುದು. ಎಣ್ಣೆ ಆರುವುದಿಲ್ಲ. ತೆಂಗಿನೆಣ್ಣೆಯನ್ನು ತಟ್ಟೆಯಲ್ಲಿ ಸುರಿದಿಟ್ಟರೆ ವರ್ಷ ಕಳೆದರೂ ಅದು ಜಿಡ್ಡಾಗಿಯೇ ಉಳಿಯುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳಿನ ಎಣ್ಣೆ ಒಣಗಲು ಪ್ರಯತ್ನಿಸುತ್ತದೆ, ಆದರೆ ಬಹಳ ನಿಧಾನ. ಅಗಸೆ ಎಣ್ಣೆ ಮಾತ್ರ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ಲಿನೊಲೆನಿಕ್ ಆಮ್ಲ ಇರುವುದೇ ಇದಕ್ಕೆ ಕಾರಣ. ಉತ್ತರ ಕರ್ನಾಟಕದಲ್ಲಿ ರೊಟ್ಟಿಗೆ ಚಟ್ನಿಪುಡಿಯಾಗುವ ಅಗಸೆಯೇ ಇದು. ಅದೇ ಗಿಡದ ನಾರಿನಿಂದ ಲಿನನ್ ಕ್ಯಾನ್ವಾಸ್, ಬೀಜದಿಂದ ಬಣ್ಣದ ಎಣ್ಣೆ. ಒಣಗುವಾಗ ಈ ಎಣ್ಣೆಯ ತೂಕ ಮೊದಲಿಗೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂದರೆ ಅದು ಆರುತ್ತಿಲ್ಲ, ಗಾಳಿಯಿಂದ ಏನನ್ನೋ ಪಡೆದುಕೊಂಡು ಬೇರೆಯೇ ವಸ್ತುವಾಗುತ್ತಿದೆ ಎಂದರ್ಥ. ಈ ಬದಲಾವಣೆ ಮೇಲಿನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಎಣ್ಣೆ ಹೆಚ್ಚಿರುವ ದಪ್ಪ ಪದರ ಕೆಳಗಿದ್ದು, ಟರ್ಪೆಂಟೈನ್ ಬೆರೆಸಿದ ತೆಳು ಪದರ ಮೇಲಿದ್ದರೆ, ಮೇಲಿನದು ಮೊದಲೇ ಬಿಗಿದುಕೊಳ್ಳುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ. ಬಿಗಿದದ್ದು ಸೀಳದೆ ಬೇರೆ ದಾರಿಯಿಲ್ಲ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂದು ಚಿತ್ರಶಾಲೆಗಳಲ್ಲಿ ಹೇಳಿಕೊಡುವ ನಿಯಮಕ್ಕೆ ಇಷ್ಟೇ ಹಿನ್ನೆಲೆ. ಅದು ಯಾವ ಪಂಥದವರ ರುಚಿಯೂ ಅಲ್ಲ, ರಸಾಯನ.

ನಿಯಮ ಮೀರಿದವರ ಗತಿ ಏನಾಯಿತೆಂದು ನೋಡಲು ದೊಡ್ಡ ಹೆಸರುಗಳೇ ಸಿಗುತ್ತವೆ. ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಮಠದ ಊಟದ ಮನೆಯಲ್ಲಿ 1495ರಿಂದ 1498ರವರೆಗೆ ‘ಕೊನೆಯ ಭೋಜನ’ ಚಿತ್ರವನ್ನು ಬರೆದ. ಹಸಿ ಗಾರೆಯ ಮೇಲೆ ಬೇಗಬೇಗ ಬರೆಯಬೇಕಾದ ಭಿತ್ತಿಚಿತ್ರದ ಪದ್ಧತಿ ಅವನ ನಿಧಾನಕ್ಕೆ ಒಗ್ಗಲಿಲ್ಲ. ಒಣಗಿದ ಗೋಡೆಯ ಮೇಲೆ ತನ್ನದೇ ತಳ ಸಿದ್ಧಮಾಡಿಕೊಂಡು, ಬೇಕಾದಾಗ ತಿದ್ದಿಕೊಳ್ಳುವ ಅನುಕೂಲಕ್ಕಾಗಿ ಅದರ ಮೇಲೆ ಬರೆದ. ಅವನ ಕೈಚಳಕದ ಬಗ್ಗೆ ಯಾರೂ ತಕರಾರು ತೆಗೆಯಲಾರರು. ಆದರೂ ಕೆಲವೇ ದಶಕಗಳಲ್ಲಿ ಚಿತ್ರ ಉದುರತೊಡಗಿತು, 1999ರಲ್ಲಿ ಮುಗಿದ ಕೊನೆಯ ದೊಡ್ಡ ದುರಸ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇನ್ನೊಂದು ಉದಾಹರಣೆ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಯುರೋಪಿನದು. ಹಳೆಯ ಗುರುಗಳ ಚಿತ್ರಗಳಲ್ಲಿ ಕಾಣುವ ಬೆಚ್ಚನೆಯ ಕಂದು ಬಣ್ಣ ತಮ್ಮ ಚಿತ್ರದಲ್ಲೂ ಬರಲೆಂದು ಅಲ್ಲಿನ ಹಲವರು ತಳದ ಪದರಗಳಿಗೆ ಡಾಂಬರಿನ ಜಾತಿಯ ಒಂದು ಕಂದು ಬಣ್ಣವನ್ನು ಬಳಸಿದರು. ಬಳಿದ ದಿನ ಅದರಷ್ಟು ಸೊಗಸಾದ ಕಂದು ಬೇರೆಯಿಲ್ಲ. ತೊಂದರೆಯೆಂದರೆ ಅದು ಪೂರ್ತಿ ಒಣಗುವುದೇ ಇಲ್ಲ. ಮೇಲೆ ಗಟ್ಟಿಯಾದ ಬಣ್ಣ ಈ ಜಾರುವ ತಳದ ಮೇಲೆ ಒಡೆದು, ಕೆರೆ ಬತ್ತಿದಾಗಿನ ಅಂಗಳದ ಹಾಗೆ ಬಾಯಿ ಬಿಟ್ಟಿತು. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಜೆರಿಕೊನ ‘ಮೆಡೂಸದ ತೆಪ್ಪ’ ಕಪ್ಪಿಡಲು ಈ ಡಾಂಬರನ್ನೇ ದೂರುತ್ತಾರೆ. ಇವರೆಲ್ಲ ಮೇಲ್ಪದರದಲ್ಲಿ ಮಾಡಿದ ತಿದ್ದುಪಡಿಗಳು ಎಷ್ಟೋ ಇರಬಹುದು. ಅವು ಯಾವುವೂ ತಳವನ್ನು ಉಳಿಸಲಿಲ್ಲ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಒಂದಿದೆ. ಅದೆಲ್ಲ ಹಳೆಯ ಕಾಲದ ಮಾತು, ಇವತ್ತು ಅಂಗಡಿಯಲ್ಲಿ ಸಿದ್ಧ ಕ್ಯಾನ್ವಾಸ್ ಸಿಗುತ್ತದೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಬಣ್ಣ ಹಚ್ಚುವುದೊಂದೇ ಬಾಕಿ ಎಂಬುದು. ಸಿದ್ಧ ಕ್ಯಾನ್ವಾಸಿನಿಂದ ಅನುಕೂಲವಾಗಿದೆ ಎನ್ನುವುದನ್ನು ಒಪ್ಪಬೇಕು. ಅಗಸೆ ಎಣ್ಣೆ ಬಟ್ಟೆಯ ನಾರನ್ನು ನೇರವಾಗಿ ಮುಟ್ಟಿದರೆ ಬಟ್ಟೆ ಕಾಲಕ್ರಮದಲ್ಲಿ ಕಂದಿ, ಪುಡಿಪುಡಿಯಾಗುತ್ತದೆ. ಅದನ್ನು ತಡೆಯಲು ಹಿಂದಿನವರು ಮೊದಲು ಸರೇಸು ಹಚ್ಚಿ, ಅದರ ಮೇಲೆ ಬಿಳಿಯ ತಳ ಕೊಡುತ್ತಿದ್ದರು. ಯುರೋಪಿನಲ್ಲಿ ಇದಕ್ಕೆ ಮೊಲದ ಚರ್ಮದ ಸರೇಸು ಬಳಕೆಯಲ್ಲಿತ್ತು. ಪ್ರಾಣಿಜನ್ಯ ಸರೇಸು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈ-ಆಗಸ್ಟಿನ ನಮ್ಮ ಮೋಡದ ದಿನಗಳಲ್ಲಿ ಅದಕ್ಕೆ ಬೂಷ್ಟೂ ಹಿಡಿಯುತ್ತದೆ. ಆ ದೃಷ್ಟಿಯಿಂದ ಈಗಿನ ಅಕ್ರಿಲಿಕ್ ಜೆಸ್ಸೊ ನಮ್ಮ ಹವೆಗೆ ಹೆಚ್ಚು ಹೊಂದುತ್ತದೆ. ಆದರೆ ಅಗ್ಗದ ಸಿದ್ಧ ಕ್ಯಾನ್ವಾಸುಗಳಲ್ಲಿ ಈ ಲೇಪ ಎಷ್ಟು ತೆಳುವಾಗಿರುತ್ತದೆಂದರೆ, ಬೆಳಕಿಗೆ ಹಿಡಿದರೆ ನೇಯ್ಗೆಯ ಸಂದಿಯಿಂದ ಚುಕ್ಕಿಚುಕ್ಕಿ ಬೆಳಕು ತೂರಿಬರುತ್ತದೆ. ಅಂಥದ್ದರ ಮೇಲೆ ಬಳಿದ ಬಣ್ಣದ ಎಣ್ಣೆಯನ್ನು ಬಟ್ಟೆ ಕುಡಿದುಬಿಡುತ್ತದೆ. ಮಾರನೆಯ ದಿನ ನೋಡಿದರೆ ಅಲ್ಲಲ್ಲಿ ಹೊಳಪು, ಅಲ್ಲಲ್ಲಿ ಬೂದಿ ಬಳಿದಂತೆ ಮಂಕು. ಹೊಸಬರು ಇದನ್ನು ಬಣ್ಣದ ದೋಷವೆಂದು ತಿಳಿದು ಇನ್ನಷ್ಟು ಬಣ್ಣ ಹೇರುತ್ತಾರೆ. ಮತ್ತೆ ಎರಡು ಕೈ ಜೆಸ್ಸೊ ಹಚ್ಚಿ, ಒಂದನ್ನು ಅಡ್ಡಡ್ಡ ಇನ್ನೊಂದನ್ನು ಉದ್ದುದ್ದ ಎಳೆದು, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದರೆ ಮುಗಿಯುವ ಕೆಲಸ ಇದು. ಅಂಗಡಿಯವರು ‘ಸಿದ್ಧ’ ಎನ್ನುವುದು ಮಾರಾಟಕ್ಕೆ ಸಿದ್ಧ ಎಂಬ ಅರ್ಥದಲ್ಲಿ.

ತಳಕ್ಕೆ ಇಷ್ಟು ಮರ್ಯಾದೆ ಕೊಡುವುದು ನಮಗೆ ಹೊರಗಿನಿಂದ ಬಂದ ಪಾಠವೂ ಅಲ್ಲ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಎಣ್ಣೆ ಇಲ್ಲ, ಆದರೆ ಆರಂಭದ ಶಿಸ್ತು ಇದೆ. ಕಾಗದವನ್ನು ಹಲಗೆಯಂತೆ ಗಟ್ಟಿಮಾಡಿ, ಬಿಸಿಲಿಗೆ ಒಣಗಿಸಿ, ನುಣುಪಾದ ಬೆಣಚುಕಲ್ಲಿನಿಂದ ಉಜ್ಜುಜ್ಜಿ ನಯ ಮಾಡಿದ ಮೇಲೆಯೇ ರೇಖೆಯ ಕೆಲಸ. ಆ ರೇಖೆಗೆ ಬೇಕಾದ ಇದ್ದಿಲನ್ನೂ ಹುಣಸೆಯ ನೇರ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ತಾವೇ ಮಾಡಿಕೊಳ್ಳುತ್ತಿದ್ದರು. ಚಿನ್ನದ ಹಾಳೆ ಕೂರುವ ಕಡೆ ಸಫೇದದ ಪುಡಿಯನ್ನು ಅಂಟಿನೊಂದಿಗೆ ಅರೆದು ತೆಳುವಾಗಿ ಉಬ್ಬಿಸುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಉಚ್ಛ್ರಾಯಕ್ಕೆ ಬಂದ ಈ ಕಲೆಯ ಚಿತ್ರಗಳಲ್ಲಿ ಚಿನ್ನ ಇವತ್ತಿಗೂ ಹೊಳೆಯುತ್ತಿದ್ದರೆ ಅದರ ಹೊಗಳಿಕೆಯಲ್ಲಿ ಒಂದು ಪಾಲು ಕಲ್ಲಿನಿಂದ ಉಜ್ಜಿದ ಕೈಗೆ ಸಲ್ಲಬೇಕು.

ತಳ ಸಿದ್ಧವಾಯಿತು ಎನ್ನೋಣ. ಮುಂದಿನದು ಎಲ್ಲಿ ನಿಲ್ಲುವುದು, ಏನನ್ನು ನೋಡುವುದು ಎಂಬ ಪ್ರಶ್ನೆ. ಇದಕ್ಕೆ ಶಿವಗಂಗೆಗಿಂತ ಒಳ್ಳೆಯ ಪಾಠಶಾಲೆ ಈ ಸೀಮೆಯಲ್ಲಿ ಇಲ್ಲ. ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ಕಾಣುತ್ತದೆಂಬ ಪ್ರತೀತಿ ಹಳೆಯದು, ಗೆಝೆಟಿಯರಿನಲ್ಲೂ ದಾಖಲಾದದ್ದು. ಭಕ್ತಿಯ ಮಾತು ಹಾಗಿರಲಿ. ನೋಟದ ಮಾತಾಗಿ ಇದನ್ನು ಓದಿದರೆ ಚಿತ್ರಕಾರನಿಗೆ ಬೇಕಾದದ್ದೆಲ್ಲ ಇದರಲ್ಲಿದೆ. ಹೀಗೆ ಹೆಸರಿಟ್ಟವರು ಬಂಡೆಯ ಬಿರುಕನ್ನಾಗಲಿ ಮೆಟ್ಟಿಲನ್ನಾಗಲಿ ಗುಡಿಯ ಗೋಪುರವನ್ನಾಗಲಿ ಲೆಕ್ಕಕ್ಕೆ ಹಿಡಿಯಲಿಲ್ಲ. ಆಕಾಶಕ್ಕೆ ಎದುರಾಗಿ ನಿಂತ ಇಡೀ ಆಕಾರವನ್ನು ನೋಡಿದರು, ನಿಂತ ಜಾಗ ಬದಲಾದರೆ ಆಕಾರವೇ ಬದಲಾಗುತ್ತದೆಂದು ಕಂಡುಕೊಂಡರು. ತೈಲಚಿತ್ರದ ಮೊದಲ ಪದರದಲ್ಲಿ ಕೂರಬೇಕಾದದ್ದು ಇಷ್ಟೇ. ತ್ಯಾಮಗೊಂಡ್ಲು ಬೆಟ್ಟಕ್ಕೆ ಪೂರ್ವದ ಕಡೆ ಇರುವುದರಿಂದ ಬೆಳಗ್ಗೆ ಬಿಸಿಲು ಬೆಟ್ಟದ ನಮ್ಮ ಕಡೆಯ ಮುಖಕ್ಕೆ ಬೀಳುತ್ತದೆ, ಬಂಡೆಯ ಏರಿಳಿತ ಬಿಡಿಬಿಡಿಯಾಗಿ ಕಾಣುತ್ತದೆ. ಸಂಜೆ ಸೂರ್ಯ ಹಿಂದಕ್ಕೆ ಹೋದಾಗ ಅದೇ ಬೆಟ್ಟ ಒಂದೇ ನೀಲಿ-ಬೂದು ಹಾಳೆಯಾಗುತ್ತದೆ. ಬೆಳಗಿನ ಚಿತ್ರವೋ ಸಂಜೆಯ ಚಿತ್ರವೋ ಎಂಬುದು ಮಧ್ಯದಲ್ಲಿ ಬದಲಾಯಿಸಬಹುದಾದ ಸಂಗತಿಯಲ್ಲ. ಬದಲಾಯಿಸಿದರೆ ನೆರಳುಗಳು ಎರಡು ದಿಕ್ಕಿಗೆ ಬೀಳುತ್ತವೆ, ಅದನ್ನು ಸರಿಪಡಿಸಲು ಬಳಿದ ಬಣ್ಣ ಕೆಸರಾಗುತ್ತದೆ. ಅಮೆರಿಕದ ಚಿತ್ರಕಾರ ಜಾನ್ ಕಾರ್ಲ್‌ಸನ್ 1929ರ ತನ್ನ ಪುಸ್ತಕದಲ್ಲಿ ಭೂದೃಶ್ಯಕ್ಕೆ ಒಂದು ಸರಳ ಸೂತ್ರ ಕೊಟ್ಟಿದ್ದಾನೆ. ಬೆಳಕಿನ ಮೂಲವಾದ ಆಕಾಶ ಎಲ್ಲಕ್ಕಿಂತ ತಿಳಿ; ಆಕಾಶಕ್ಕೆ ಮುಖ ಮಾಡಿ ಮಲಗಿದ ನೆಲ ಅದರ ನಂತರದ್ದು; ಓರೆಯಾಗಿರುವ ಬೆಟ್ಟದ ಇಳಿಜಾರು ಅದಕ್ಕಿಂತ ಗಾಢ; ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ನಮ್ಮ ಬಯಲಿನಲ್ಲಿ ಇದಕ್ಕೆ ಅಪವಾದಗಳು ಸಿಗುತ್ತವೆ. ಸೆಪ್ಟೆಂಬರಿನ ರಾಗಿ ಹೊಲ ಗಾಢ ಹಸಿರಾಗಿ ಬೆಟ್ಟಕ್ಕಿಂತ ಭಾರವಾಗಿ ಕಾಣಬಹುದು, ಮಳೆ ಹಿಡಿದ ಆಕಾಶ ಒಣಗಿದ ಹೊಲಕ್ಕಿಂತ ಕಪ್ಪಾಗಿರಬಹುದು. ಸೂತ್ರವನ್ನು ಹಿಡಿದುಕೊಂಡು ಹೊರಟವನಿಗೆ ಅಪವಾದ ಕಣ್ಣಿಗೆ ಬೀಳುತ್ತದೆ, ಏನೂ ಇಲ್ಲದೆ ಹೊರಟವನಿಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ.

ತಿಳಿ-ಗಾಢಗಳ ಈ ಲೆಕ್ಕ ತಪ್ಪಲು ದೊಡ್ಡ ಕಾರಣ ಕ್ಯಾನ್ವಾಸಿನ ಬಿಳುಪು. ಅಪ್ಪಟ ಬಿಳಿಯ ಪಕ್ಕದಲ್ಲಿ ಯಾವ ಬಣ್ಣ ಇಟ್ಟರೂ ಅದು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಪಕ್ಕದ ಬಣ್ಣ ಇನ್ನೊಂದು ಬಣ್ಣದ ತೋರಿಕೆಯನ್ನು ಬದಲಾಯಿಸುತ್ತದೆಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೆಲ್ 1839ರಲ್ಲೇ ವಿಸ್ತಾರವಾಗಿ ಬರೆದಿಟ್ಟ. ಬಿಳಿ ಕ್ಯಾನ್ವಾಸಿನ ಮೇಲೆ ಸರಿಯೆಂದು ಇಟ್ಟ ನೆರಳು, ಸುತ್ತ ಎಲ್ಲ ತುಂಬಿದ ಮೇಲೆ ಪೇಲವವಾಗಿ ನಿಲ್ಲುತ್ತದೆ. ಆದ್ದರಿಂದಲೇ ಹದಿನೇಳನೆಯ ಶತಮಾನದ ಯುರೋಪಿನ ಅನೇಕರು, ಕಾರವಾಜಿಯೊ ಮೊದಲಾಗಿ, ಕಂದು-ಕೆಂಪು ತಳದ ಮೇಲೆ ಬರೆದರು. ನಮಗೆ ಆ ಬಣ್ಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗುಡಿಯ ಗೋಡೆಗೆ ಸುಣ್ಣದ ಜೊತೆ ಪಟ್ಟೆಪಟ್ಟೆಯಾಗಿ ಬಳಿಯುವ ಕಾವಿಯೂ ಕಬ್ಬಿಣದ ಆಕ್ಸೈಡೇ, ಟ್ಯೂಬಿನಲ್ಲಿ ಬರುವ ಬರ್ನ್ಟ್ ಸಿಯೆನಾ ಕೂಡ ಅದೇ ಕುಲದ್ದು, ನೆಲಮಂಗಲ ಸೀಮೆಯ ಮಣ್ಣು ಕೆಂಪಾಗಿರುವುದೂ ಅದರಿಂದಲೇ. ಬರ್ನ್ಟ್ ಸಿಯೆನಾವನ್ನೋ ಬರ್ನ್ಟ್ ಅಂಬರನ್ನೋ ಟರ್ಪೆಂಟೈನಿನಲ್ಲಿ ಚಹದ ಬಣ್ಣಕ್ಕೆ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿಬಿಟ್ಟರೆ ಮಧ್ಯಮ ತಳ ಸಿದ್ಧ. ಇದರ ಮೇಲೆ ಬೆಳಕೂ ಕಾಣುತ್ತದೆ, ಕತ್ತಲೂ ಕಾಣುತ್ತದೆ. ಜೊತೆಗೆ ಇನ್ನೊಂದು ಲಾಭ: ಹಸಿರಿನ ನಡುವೆ ಅಲ್ಲಲ್ಲಿ ಮುಚ್ಚದೆ ಬಿಟ್ಟ ತಳ ಕೆಂಪು ಮಣ್ಣಾಗಿಯೇ ಉಳಿಯುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ತೆಳುವಾಗಿದ್ದರೆ ಒಂದೆರಡು ದಿನ ಸಾಕು. ಕಪ್ಪು ಬಣ್ಣ ನಿಧಾನಿ. ತಳಕ್ಕೆ ಅದನ್ನು ತರದಿರುವುದೇ ವಾಸಿ.

ಇಷ್ಟೆಲ್ಲ ಮುಂಚೆಯೇ ಗೊತ್ತುಮಾಡಿಕೊಂಡರೆ ಭಾವ ಬತ್ತಿಹೋಗುವುದಿಲ್ಲವೇ, ಚಿತ್ರ ನಕ್ಷೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ, ಮತ್ತು ಅದರ ಪರವಾಗಿ ನಿಲ್ಲಿಸಬಹುದಾದ ಸಾಕ್ಷಿಯೂ ಪಕ್ಕದ ತಾಲ್ಲೂಕಿನವರೇ. ರುಮಾಲೆ ಚನ್ನಬಸವಯ್ಯ 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು, ಅದನ್ನು ಬದಿಗಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಸಾರ್ವಜನಿಕ ಜೀವನದಲ್ಲಿ ವರ್ಷಗಟ್ಟಲೆ ದುಡಿದು, ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿ, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಬರೆದ ಚಿತ್ರಗಳಲ್ಲಿ ಬೆಂಗಳೂರಿನ ಹೂಬಿಟ್ಟ ಮರಗಳೇ ನಾಯಕರು. ಬಯಲಲ್ಲಿ ಮರದ ಎದುರೇ ಕೂತು, ಬಿಡಿಬಿಡಿ ಕುಂಚದೇಟುಗಳಲ್ಲಿ, ಬಣ್ಣ ಪುಟಿಯುವಂತೆ ಬರೆದವರು ಅವರು. ಅವರ ಚಿತ್ರದ ಮುಂದೆ ನಿಂತವರಿಗೆ ಸಿದ್ಧತೆಯ ವಾಸನೆಯೂ ಬರುವುದಿಲ್ಲ. ಹಾಗಾದರೆ ಪದರ, ತಳ, ಲೆಕ್ಕ ಎಂಬ ಈ ಮಾತುಗಳೆಲ್ಲ ರುಮಾಲೆಯವರ ಮರದ ಮುಂದೆ ಬಿದ್ದುಹೋಗುತ್ತವೆಯೇ?

ಬಿದ್ದುಹೋಗುವುದಿಲ್ಲ, ಇನ್ನೂ ಬಿಗಿಯಾಗುತ್ತವೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಇಡುತ್ತ ಒಂದೇ ಪಟ್ಟಿನಲ್ಲಿ ಚಿತ್ರ ಮುಗಿಸುವ ಪದ್ಧತಿಯಲ್ಲಿ ಪದರಗಳ ಒಣಗುವ ಜಗಳ ಇರುವುದಿಲ್ಲ, ಇಡೀ ಚಿತ್ರ ಒಂದೇ ಪದರ. ಆದರೆ ಅಲ್ಲಿ ತಿದ್ದುವುದಕ್ಕೂ ಅವಕಾಶವಿಲ್ಲ. ಹಸಿ ಹಳದಿಯ ಮೇಲೆ ನೀಲಿಯ ಕುಂಚ ಎರಡು ಸಲ ಆಡಿಸಿದರೆ ಹಳದಿಯೂ ಇಲ್ಲ, ನೀಲಿಯೂ ಇಲ್ಲ. ರುಮಾಲೆಯವರ ಕುಂಚದೇಟುಗಳು ಬಿಡಿಯಾಗಿ ಉಳಿದಿವೆ ಎಂದರೆ ಪ್ರತಿ ಏಟೂ ಎಲ್ಲಿ ಬೀಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕೈಗೆ ಮುಂಚೆಯೇ ತಿಳಿದಿತ್ತು ಎಂದೇ ಅರ್ಥ. ಹೊರಗಿನ ಬೆಳಕು ಒಂದೇ ತರಹ ನಿಲ್ಲುವುದು ಹೆಚ್ಚೆಂದರೆ ಎರಡು ಗಂಟೆ, ಮರ ಹೂ ಹೊತ್ತು ನಿಲ್ಲುವುದು ಕೆಲವೇ ವಾರ. ಅಷ್ಟರೊಳಗೆ ಮುಗಿಸಬೇಕಾದವನು ಯಾವ ಮರ, ಯಾವ ಕಡೆಯಿಂದ, ಹೂವಿನ ಮೊತ್ತ ಎಷ್ಟು, ಆಕಾಶಕ್ಕೆ ಎಷ್ಟು ಜಾಗ ಎಂಬುದನ್ನು ಕ್ಯಾನ್ವಾಸಿನ ಮೇಲೆ ಅಲ್ಲ, ಅದಕ್ಕೂ ಮೊದಲು ನಿರ್ಧರಿಸಿರಬೇಕು. ಒಂದೇ ಬಗೆಯ ಮರಗಳಿಗೆ ಮತ್ತೆ ಮತ್ತೆ ಮರಳಿದ್ದೂ ಒಂದು ಬಗೆಯ ಸಿದ್ಧತೆಯೇ. ಕಾಲೇಜು ಓದುವ ವಯಸ್ಸಿನವರು ರುಮಾಲೆಯವರಿಂದ ಎರವಲು ತರಬೇಕಾದದ್ದು ಆತುರವನ್ನಲ್ಲ. ನಿಜ ಹೇಳಬೇಕೆಂದರೆ ಅವರಲ್ಲಿ ಆತುರವೇ ಇರಲಿಲ್ಲ, ವೇಗ ಮಾತ್ರ ಇತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಪ್ರಾಮಾಣಿಕವಾದದ್ದು. ಕಲಿಯುವವನ ಚಿತ್ರ ನೂರು ವರ್ಷ ಬಾಳಿ ಏನಾಗಬೇಕಿದೆ? ಬಿರುಕು ಬಿಟ್ಟರೆ ಬಿಡಲಿ, ಅಭ್ಯಾಸ ಆದರೆ ಸಾಕಲ್ಲವೇ? ಅಷ್ಟು ಕಾಯಲಾಗದಿದ್ದರೆ ಅರ್ಧ ಗಂಟೆಯಲ್ಲಿ ಒಣಗುವ ಅಕ್ರಿಲಿಕ್ ಇದೆಯಲ್ಲ? ಅಕ್ರಿಲಿಕ್ ಬೇಕೆನಿಸಿದವರು ಧಾರಾಳವಾಗಿ ಅದನ್ನೇ ಹಿಡಿಯಲಿ. ಅದರ ಮೇಲೆ ತೈಲವರ್ಣ ಕೂರುತ್ತದೆ, ತೈಲದ ಮೇಲೆ ಮಾತ್ರ ಅದು ಕೂರುವುದಿಲ್ಲ ಎಂಬುದೊಂದು ನೆನಪಿದ್ದರೆ ಆಯಿತು. ಆದರೆ ತಳ ಕೆಟ್ಟದ್ದಕ್ಕೆ ಬೆಲೆ ತೆರುವುದು ಮೊಮ್ಮಕ್ಕಳ ಕಾಲದಲ್ಲಿ ಎಂದುಕೊಳ್ಳುವುದು ತಪ್ಪು. ಬಣ್ಣ ಮಂಕಾಗುವುದು ಮಾರನೆಯ ದಿನವೇ ಕಾಣುತ್ತದೆ. ಒಣಗದ ದಪ್ಪ ಪದರದ ಮೇಲೆ ಬಳಿದ ಬಣ್ಣ ಕೆಸರಾಗುವುದು ಅದೇ ಸಂಜೆ. ಎಲ್ಲಕ್ಕಿಂತ ಮಿಗಿಲಾಗಿ, ಆಕಾರ-ನೆರಳುಗಳ ಲೆಕ್ಕ ಮೊದಲು ಕೂರದ ಚಿತ್ರದಲ್ಲಿ ಕಲಿಯುವವನು ತಪ್ಪಿದ್ದೆಲ್ಲಿ ಎಂದು ಹುಡುಕಲೂ ಆಗುವುದಿಲ್ಲ, ಏಕೆಂದರೆ ರೇಖೆ, ನೆರಳು, ಬಣ್ಣ ಮೂರೂ ಒಟ್ಟಿಗೆ ತಪ್ಪಿರುತ್ತವೆ. ಅಭ್ಯಾಸಕ್ಕಾಗಿಯೇ ಬರೆಯುವವನಿಗೆ ಈ ಕ್ರಮ ಇನ್ನೂ ಹೆಚ್ಚು ಬೇಕು.

ಕ್ರಮ ಎಂದರೆ ದೊಡ್ಡ ಖರ್ಚೂ ಅಲ್ಲ. ಎಂಟು ಇಂಚು ಹತ್ತು ಇಂಚಿನ ಹಾರ್ಡ್‌ಬೋರ್ಡಿನ ತುಂಡಿಗೆ ಜೆಸ್ಸೊ ಹಚ್ಚಿದರೆ ಅದೇ ಕ್ಯಾನ್ವಾಸ್. ಕಾಗದದ ಮೇಲೆ ಬೆಂಕಿಪೊಟ್ಟಣದಷ್ಟು ಅಳತೆಯ ನಾಲ್ಕೈದು ಚೌಕ ಹಾಕಿ, ಕಣ್ಣು ಕಿರಿದು ಮಾಡಿ ನೋಡುತ್ತ, ಬೆಟ್ಟ-ಹೊಲ-ಆಕಾಶವನ್ನು ಮೂರೇ ಛಾಯೆಗಳಲ್ಲಿ ತುಂಬಿ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಮೊದಲ ಸಂಜೆಯ ಕೆಲಸ. ಒರೆಸಿಟ್ಟ ಕಂದು ತಳ ಒಣಗಿದ ಮೇಲೆ, ತೆಳು ಅಂಬರಿನಲ್ಲೇ ದೊಡ್ಡ ಆಕಾರಗಳನ್ನು ಗುರುತಿಸಿ, ಅತಿ ಗಾಢವಾದ ಜಾಗಗಳನ್ನು ಮೊದಲು ತುಂಬಿ, ಬೆಳಕು ಬೇಕಾದಲ್ಲಿ ಬಟ್ಟೆಯಿಂದ ಒರೆಸಿ ತೆಗೆಯುವುದು ಎರಡನೆಯದು. ಇಲ್ಲಿಯವರೆಗೆ ಬಿಳಿ ಬಣ್ಣದ ಟ್ಯೂಬಿನ ಮುಚ್ಚಳ ತೆರೆಯುವ ಅಗತ್ಯವೇ ಬರುವುದಿಲ್ಲ, ಅಗಸೆ ಎಣ್ಣೆಯದ್ದೂ ಅಷ್ಟೇ. ಇನ್ನೊಂದು ಮಾತನ್ನು ಬಣ್ಣದಂಗಡಿಗಳಲ್ಲಿ ಯಾರೂ ಹೇಳುವಂತೆ ಕಾಣುವುದಿಲ್ಲ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಗಾಳಿ ಕುಡಿದು ಒಣಗುವ ಎಣ್ಣೆ ಒಣಗುತ್ತ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ತಂತಿಗೆ ಹಾಕಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು. ಟರ್ಪೆಂಟೈನ್ ಇರುವ ಕೋಣೆಯ ಕಿಟಕಿ ತೆರೆದೇ ಇರಬೇಕು.

ಇಷ್ಟು ಸರಳವಾದದ್ದು ಹೊಸಬರಿಗೆ ಗೊತ್ತಿಲ್ಲದಿರುವುದೇಕೆ ಎಂದರೆ, ಆರಂಭವನ್ನು ಯಾರೂ ತೋರಿಸುವುದಿಲ್ಲ. ಇದು ಇವತ್ತಿನ ಕಥೆಯಲ್ಲ. ರಾಜಾ ರವಿವರ್ಮ ತಿರುವಾಂಕೂರಿನ ಆಸ್ಥಾನದಲ್ಲಿ ತೈಲವರ್ಣ ಕಲಿಯಲು ಹೊರಟಾಗ ಅಲ್ಲಿನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಹೇಳಿಕೊಡಲು ಒಪ್ಪಲಿಲ್ಲವೆಂದೂ, 1868ರಲ್ಲಿ ಬಂದ ಥಿಯೋಡರ್ ಜೆನ್ಸನ್ ಪಕ್ಕದಲ್ಲಿ ನಿಂತು ನೋಡಲಷ್ಟೇ ಬಿಟ್ಟನೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಹಾಗೆ ನೋಡಿ ಕಲಿತವರೇ ಮುಂದೆ ಮೈಸೂರು ಅರಮನೆಗಾಗಿ ಒಂಬತ್ತು ಪುರಾಣದೃಶ್ಯಗಳನ್ನು ಬರೆದುಕೊಟ್ಟರು. ಗುರು ಮುಚ್ಚಿಡುತ್ತಿದ್ದ ಕಾಲ ಹೋಗಿದೆ, ಆದರೆ ಪ್ರದರ್ಶನದ ಗೋಡೆ ಮುಚ್ಚಿಡುವುದು ಹಾಗೆಯೇ ಇದೆ. ಅಲ್ಲಿ ತೂಗುವುದೆಲ್ಲ ಚೌಕಟ್ಟು ಹಾಕಿಸಿಕೊಂಡ, ಮುಗಿದ ಚಿತ್ರ. ಪ್ರತಿವರ್ಷ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ತ್ಯಾಮಗೊಂಡ್ಲು, ನೆಲಮಂಗಲ, ದೊಡ್ಡಬಳ್ಳಾಪುರದಿಂದ ಹೋಗುವ ಹುಡುಗ-ಹುಡುಗಿಯರು ಸಾವಿರಾರು ಮುಗಿದ ಚಿತ್ರಗಳನ್ನು ನೋಡಿ ಬರುತ್ತಾರೆ. ಸಂತೆ ನಡೆಸುವ ಚಿತ್ರಕಲಾ ಪರಿಷತ್ತು ಅದರ ಒಂದು ಬದಿಯನ್ನು ಅರ್ಧಕ್ಕೆ ನಿಂತ ಚಿತ್ರಗಳಿಗೆ ಬಿಟ್ಟುಕೊಡಬಹುದು. ಜೆಸ್ಸೊ ಹಚ್ಚಿದ ಬೋರ್ಡು, ಕಂದು ತಳ ಒಣಗುತ್ತಿರುವ ಕ್ಯಾನ್ವಾಸ್, ಅಂಬರಿನಲ್ಲಿ ನಿಂತ ಆಕಾರ, ಮೊದಲ ಬಣ್ಣ ಬಿದ್ದ ಹಂತ, ಇವನ್ನು ಒಬ್ಬನೇ ಚಿತ್ರಕಾರ ಸಾಲಾಗಿ ಇಟ್ಟುಕೊಂಡು ಕೂತರೂ ಸಾಕು. ಮಾರಾಟಕ್ಕೆ ಅಲ್ಲ ಎಂದು ಪಕ್ಕದಲ್ಲಿ ಬರೆದಿಟ್ಟರೆ ಚೌಕಾಸಿಗೆ ಬಂದವರೂ ಸುಮ್ಮನೆ ನೋಡಿಕೊಂಡು ಹೋಗುತ್ತಾರೆ.